ನಕ್ಷತ್ರಗಳು ಬರೆದ ಹಳೆಯ ಕಾಗದಗಳು

ಮಕ್ಕಳೇ, ನಿಮ್ಮ ಮನೆಗೆ ಊರಿನಿಂದ ಕಾಗದ ಬಂದದ್ದು ನಿಮಗೆ ನೆನಪಿದೆಯೇ? ಇರಲಾರದು. ಅಜ್ಜ ಅಜ್ಜಿಯ ಮುಖವನ್ನು ಫೋನಿನಲ್ಲಿ ನೋಡುತ್ತಲೇ ಬೆಳೆದವರು ನೀವು. ನಾನು 1986ರಲ್ಲಿ ಕೆಲಸಕ್ಕೆಂದು ಮಸ್ಕತ್ತಿಗೆ ಬಂದಾಗ ಉಡುಪಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಯಾರ ಮನೆಯಲ್ಲೂ ಟೆಲಿಫೋನ್ ಇರಲಿಲ್ಲ. ನಮ್ಮ ಅಪ್ಪಯ್ಯ ಪ್ರತಿ ಭಾನುವಾರ ಊಟ ಮುಗಿಸಿ ಜಗಲಿಯಲ್ಲಿ ಕುಳಿತು ನನಗೆ ಕಾಗದ ಬರೆದು, ಸೋಮವಾರ ಟಪಾಲಿಗೆ ಹಾಕುತ್ತಿದ್ದರು. ಅದು ಕಂಪನಿಯ ಪೋಸ್ಟ್ ಬಾಕ್ಸಿಗೆ ಬಂದು ನನ್ನ ಕೈ ಸೇರಲು ಹನ್ನೆರಡು, ಕೆಲವೊಮ್ಮೆ ಹದಿನೈದು ದಿನ ಹಿಡಿಯುತ್ತಿತ್ತು. "ಕೆಂಪಿ ನಿನ್ನೆ ಕರು ಹಾಕಿದೆ" ಎಂದು ನಾನು ಇಲ್ಲಿ ಓದುವ ಹೊತ್ತಿಗೆ ಆ ಕರು ಅಲ್ಲಿ ಅಂಗಳ ತುಂಬ ಕುಣಿದಾಡುತ್ತಿರುತ್ತಿತ್ತು. "ಎರಡು ದಿನದಿಂದ ಬಿಡದ ಮಳೆ" ಎಂದು ಬರೆದಿದ್ದರೆ, ಆ ಮಳೆ ನಿಂತು ಬಿಸಿಲು ಬಂದಿರುತ್ತಿತ್ತು. ಆದ್ದರಿಂದ ನಮಗೆಲ್ಲ ಒಂದು ಅಭ್ಯಾಸವಾಗಿಬಿಟ್ಟಿತ್ತು. ಕಾಗದ ಒಡೆದ ಕೂಡಲೇ ಮೊದಲು ನೋಡುವುದು ಮೇಲಿನ ಮೂಲೆಯಲ್ಲಿರುವ ತಾರೀಕನ್ನು. ಸುದ್ದಿ ಎಷ್ಟು ಹಳೆಯದು ಎಂದು ತಿಳಿದ ಮೇಲೆಯೇ ಓದುವುದು.

ಇಷ್ಟನ್ನು ಈಗ ಏಕೆ ಹೇಳುತ್ತಿದ್ದೇನೆಂದರೆ, ಹಿಂದಿನ ಚಳಿಗಾಲದಲ್ಲಿ ನಾವೆಲ್ಲ ವಹೀಬಾ ಮರಳುಗಾಡಿಗೆ ಹೋಗಿ ಒಂದು ರಾತ್ರಿ ಉಳಿದಿದ್ದೆವು. ಊರ ದೀಪಗಳಿಲ್ಲದ ಆ ಕತ್ತಲೆಯಲ್ಲಿ ಆಕಾಶ ಹೇಗೆ ಕಾಣುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು. ರೂವಿಯ ಮನೆಯ ಟೆರೇಸಿನಿಂದ ಹತ್ತಿಪ್ಪತ್ತು ನಕ್ಷತ್ರ ಎಣಿಸಿ ಅಭ್ಯಾಸವಿದ್ದ ನನ್ನ ಮೊಮ್ಮಗಳಿಗೆ ಅಲ್ಲಿ ಮಾತೇ ಹೊರಡಲಿಲ್ಲ. ಚಾಪೆಯ ಮೇಲೆ ಮಲಗಿ ಬಹಳ ಹೊತ್ತು ನೋಡಿದವಳು ಕೊನೆಗೆ ಕೇಳಿದ್ದು ಇಷ್ಟು: "ಅಜ್ಜ, ನಾವು ನೋಡುವ ನಕ್ಷತ್ರಗಳೆಲ್ಲ ಯಾವತ್ತೋ ಸತ್ತುಹೋಗಿವೆಯಂತೆ, ಹೌದಾ?"

ಯಾರೋ ಅವಳಿಗೆ ಹಾಗೆ ಹೇಳಿದ್ದರು. ಬಹಳ ಜನ ಹಾಗೆಯೇ ನಂಬಿದ್ದಾರೆ. ಅದರಲ್ಲಿ ಒಂದು ಪಾಲು ನಿಜ, ದೊಡ್ಡ ಪಾಲು ತಪ್ಪು. ಯಾವುದು ನಿಜ, ಯಾವುದು ತಪ್ಪು ಎಂದು ಅವಳಿಗೆ ಆ ರಾತ್ರಿ ಹೇಳಲು ಹೊರಟು ಅರ್ಧಕ್ಕೇ ನಿಂತೆ, ಏಕೆಂದರೆ ಅವಳಿಗೆ ನಿದ್ದೆ ಬಂದಿತ್ತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಳಕಿಗೂ ಸಮಯ ಬೇಕು

ಗುಂಡಿ ಒತ್ತಿದ ಕೂಡಲೇ ಕೋಣೆ ತುಂಬ ಬೆಳಕಾಗುತ್ತದೆ. ಹೀಗಾಗಿ ಬೆಳಕು ಹರಡಲು ಸಮಯವೇ ಬೇಡ ಎಂದು ಶತಮಾನಗಳ ಕಾಲ ದೊಡ್ಡ ದೊಡ್ಡ ಪಂಡಿತರೂ ನಂಬಿದ್ದರು. ಅದು ತಪ್ಪೆಂದು ತೋರಿಸಿಕೊಟ್ಟವನು ಡೆನ್ಮಾರ್ಕಿನ ಓಲೆ ರೋಮರ್. 1676ರಲ್ಲಿ, ಪ್ಯಾರಿಸ್ಸಿನ ವೀಕ್ಷಣಾಲಯದಲ್ಲಿ.

1610ರಲ್ಲಿ ಗೆಲಿಲಿಯೋ ತನ್ನ ಪುಟ್ಟ ದೂರದರ್ಶಕದಿಂದ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡಿದ್ದ. ಆ ನಾಲ್ವರಲ್ಲಿ ಗುರುವಿಗೆ ಅತಿ ಹತ್ತಿರದವನು ಅಯೋ. ಅವನು ಸುಮಾರು ನಲವತ್ತೆರಡೂವರೆ ಗಂಟೆಗೊಮ್ಮೆ ಒಂದು ಸುತ್ತು ಮುಗಿಸುತ್ತಾನೆ, ಪ್ರತಿ ಸುತ್ತಿನಲ್ಲೂ ಗುರುವಿನ ನೆರಳಿನೊಳಗೆ ಹೊಕ್ಕು ಮರೆಯಾಗಿ ಮತ್ತೆ ಹೊರಗೆ ಬರುತ್ತಾನೆ. ಗಡಿಯಾರದಷ್ಟು ಕರಾರುವಾಕ್ಕಾದ ಲೆಕ್ಕ. ಆದರೆ ಲೆಕ್ಕ ಹಾಕಿದ ಹೊತ್ತಿಗೂ ಅಯೋ ನಿಜವಾಗಿ ಕಾಣುವ ಹೊತ್ತಿಗೂ ಹೊಂದಿಕೆಯಾಗುತ್ತಿರಲಿಲ್ಲ. ವರ್ಷದ ಕೆಲವು ತಿಂಗಳು ಬೇಗ, ಕೆಲವು ತಿಂಗಳು ತಡ.

ಇದನ್ನು ಅರ್ಥಮಾಡಿಕೊಳ್ಳಲು ಮತ್ತೆ ಅಪ್ಪಯ್ಯನ ಕಾಗದಗಳನ್ನೇ ನೆನೆಯೋಣ. ಅವರು ತಪ್ಪದೆ ಪ್ರತಿ ಸೋಮವಾರ ಒಂದು ಕಾಗದ ಹಾಕುತ್ತಾರೆ. ನಾನು ಒಂದೇ ಕಡೆ ಇದ್ದರೆ ನನಗೂ ಏಳು ದಿನಕ್ಕೊಂದು ಕಾಗದ ಸಿಗುತ್ತದೆ. ಆದರೆ ಈ ವಾರ ನಾನು ಹುಬ್ಬಳ್ಳಿಯಲ್ಲಿ, ಮುಂದಿನ ವಾರ ಮುಂಬಯಿಯಲ್ಲಿ, ಅದರ ಮುಂದಿನ ವಾರ ಮಸ್ಕತ್ತಿನಲ್ಲಿ ಇದ್ದರೆ? ಪ್ರತಿ ಕಾಗದವೂ ಹಿಂದಿನದಕ್ಕಿಂತ ಹೆಚ್ಚು ದೂರ ಬರಬೇಕು. ಎರಡು ಕಾಗದಗಳ ನಡುವಿನ ಅಂತರ ಎಂಟು ದಿನ, ಒಂಬತ್ತು ದಿನ ಆಗುತ್ತದೆ. ಊರಿಗೆ ವಾಪಸು ಹೊರಟರೆ ಅದೇ ಅಂತರ ಆರು ದಿನ, ಐದು ದಿನವಾಗುತ್ತದೆ. ಬರೆಯುವವರು ತಪ್ಪಿಲ್ಲ, ಓದುವವನು ಜಾಗ ಬದಲಾಯಿಸುತ್ತಿದ್ದಾನೆ.

ಭೂಮಿಯೂ ಹಾಗೆಯೇ. ಸೂರ್ಯನನ್ನು ಸುತ್ತುತ್ತ ಅದು ಆರು ತಿಂಗಳಿಗಿಂತ ತುಸು ಹೆಚ್ಚು ಕಾಲ ಗುರುವಿನಿಂದ ದೂರ ಸರಿಯುತ್ತದೆ, ಮತ್ತೆ ಅಷ್ಟೇ ಕಾಲ ಹತ್ತಿರ ಬರುತ್ತದೆ. ರೋಮರ್ ಹೇಳಿದ್ದು ಇದನ್ನೇ. ಅಯೋ ತಡ ಮಾಡುತ್ತಿಲ್ಲ, ಅಯೋನಿಂದ ಹೊರಟ ಬೆಳಕು ಹೆಚ್ಚು ದೂರ ಬರಬೇಕಾಗಿದೆ. ಆ ವರ್ಷದ ನವೆಂಬರ್ 9ರಂದು ಅಯೋ ಹತ್ತು ನಿಮಿಷ ತಡವಾಗಿ ಕಾಣುತ್ತಾನೆ ಎಂದು ಅವನು ಮುಂಚಿತವಾಗಿಯೇ ಹೇಳಿದ, ಹಾಗೆಯೇ ಆಯಿತು.

ಭೂಮಿಯ ಕಕ್ಷೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಬೆಳಕು ದಾಟಲು 22 ನಿಮಿಷ ಬೇಕೆಂದು ರೋಮರ್ ಅಂದಾಜು ಮಾಡಿದ್ದ. ಅದು ಸುಮಾರು 16 ನಿಮಿಷ 40 ಸೆಕೆಂಡು ಎಂದು ಇಂದು ನಮಗೆ ಗೊತ್ತು, ಅಂದರೆ ಸಾವಿರ ಸೆಕೆಂಡು. ಆ ಕಕ್ಷೆಯ ಅಡ್ಡಳತೆ ಸುಮಾರು 30 ಕೋಟಿ ಕಿಲೋಮೀಟರ್. ಭಾಗಾಕಾರ ನೀವೇ ಮಾಡಿ ನೋಡಿ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಸಿಗುತ್ತದೆ. ಇದಕ್ಕಿಂತ ವೇಗದ ಟಪಾಲು ಈ ವಿಶ್ವದಲ್ಲಿ ಇಲ್ಲ.

ತೆಂಗಿನಕಾಯಿಯ ಸುತ್ತ ಸಾಸಿವೆ

ಸೌರವ್ಯೂಹದ ಚಿತ್ರ ನಿಮ್ಮ ಪಠ್ಯಪುಸ್ತಕದಲ್ಲಿ ಇದೆ. ಸೂರ್ಯನ ಪಕ್ಕದಲ್ಲಿ ಎಂಟು ಗ್ರಹಗಳು ಸಾಲಾಗಿ, ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ಪುಸ್ತಕದ ತಪ್ಪಲ್ಲ, ಹಾಳೆಯ ಮೇಲೆ ಅದನ್ನು ಸರಿಯಾದ ಅಳತೆಯಲ್ಲಿ ಬರೆಯಲು ಸಾಧ್ಯವೇ ಇಲ್ಲ. ಆದರೆ ಶಾಲೆಯ ಮೈದಾನದಲ್ಲಿ ಒಂದು ಸಂಜೆ ಮಾಡಿ ನೋಡಬಹುದು. ಅಡುಗೆಮನೆಯಿಂದ ಸಾಮಾನು ಕೊಡುವ ಕೆಲಸ ಅಮ್ಮಂದಿರದು.

ಸುಲಿದ ದೊಡ್ಡ ತೆಂಗಿನಕಾಯಿಯೊಂದನ್ನು ತನ್ನಿ, ಸುಮಾರು 14 ಸೆಂಟಿಮೀಟರ್ ಅಡ್ಡಳತೆಯದು. ಅದು ಸೂರ್ಯ. ಮೈದಾನದ ಒಂದು ತುದಿಯಲ್ಲಿ ಇಡಿ. ಅಲ್ಲಿಂದ 6 ಮೀಟರ್ ದೂರದಲ್ಲಿ ರವೆಯ ಒಂದು ಕಾಳು, ಅದು ಬುಧ. 11 ಮೀಟರಿನಲ್ಲಿ ಒಂದು ಸಾಸಿವೆ ಕಾಳು ಶುಕ್ರ. 15 ಮೀಟರಿನಲ್ಲಿ ಇನ್ನೊಂದು ಸಾಸಿವೆ. ಮಕ್ಕಳೇ, ಅದು ನಾವು. ಮಸ್ಕತ್, ಉಡುಪಿ, ಹಿಮಾಲಯ, ಸಮುದ್ರ ಎಲ್ಲವೂ ಆ ಸಾಸಿವೆಯ ಮೇಲೆ. ಸಾಸಿವೆಯಿಂದ ನಾಲ್ಕು ಸೆಂಟಿಮೀಟರಿಗೂ ಕಡಿಮೆ ದೂರದಲ್ಲಿ ಕಣ್ಣಿಗೆ ಕಂಡೂ ಕಾಣದ ಒಂದು ಧೂಳಿನ ಕಣ ಚಂದ್ರ. ಮನುಷ್ಯ ತಾನೇ ಖುದ್ದಾಗಿ ಪ್ರಯಾಣ ಮಾಡಿರುವುದು ಇದುವರೆಗೆ ಅಲ್ಲಿಯವರೆಗೆ ಮಾತ್ರ. 23 ಮೀಟರಿನಲ್ಲಿ ಮತ್ತೊಂದು ರವೆಯ ಕಾಳು ಮಂಗಳ. ಮುಂದೆ ಬಹಳ ದೂರ ಏನೂ ಇಲ್ಲ, ಕ್ಷುದ್ರಗ್ರಹಗಳ ಪುಡಿ ಮಾತ್ರ. 78 ಮೀಟರಿನಲ್ಲಿ ಆಡುವ ಗೋಲಿಯಷ್ಟು ದೊಡ್ಡ ಗುರು. ಶನಿಗೆ ಅದಕ್ಕಿಂತ ತುಸು ಚಿಕ್ಕ ಗೋಲಿ ಬೇಕು, ಆದರೆ ಅದು 143 ಮೀಟರ್ ದೂರ. ಹೆಚ್ಚಿನ ಶಾಲೆಗಳಲ್ಲಿ ಅಷ್ಟು ಹೊತ್ತಿಗೆ ಮೈದಾನ ಮುಗಿದು ಗೇಟು ದಾಟಿರುತ್ತೀರಿ. ಯುರೇನಸ್ ಮತ್ತು ನೆಪ್ಚೂನ್ ಎರಡು ಕಾಳುಮೆಣಸು, ಒಂದು 287 ಮೀಟರಿನಲ್ಲಿ, ಇನ್ನೊಂದು 450 ಮೀಟರಿನಲ್ಲಿ.

ತಂದೆತಾಯಂದಿರು ಕೇಳಬಹುದು, ನಾವು ಓದುವಾಗ ಒಂಬತ್ತು ಗ್ರಹ ಇತ್ತಲ್ಲ ಎಂದು. ಇತ್ತು. 2006ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಪ್ಲೂಟೋವನ್ನು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿತು. ಅದರ ನೆರೆಯಲ್ಲಿ ಅದರಂಥ ಬೇರೆ ಕಾಯಗಳೂ ಸಿಗತೊಡಗಿದ್ದವು. ಎಲ್ಲವನ್ನೂ ಗ್ರಹ ಎನ್ನಬೇಕು, ಇಲ್ಲವೇ ಪ್ಲೂಟೋವನ್ನು ಬಿಡಬೇಕು. ಪ್ಲೂಟೋಗೆ ಇದರಿಂದ ಏನೂ ಬೇಸರವಿಲ್ಲ, ಬೇಸರವೆಲ್ಲ ನಮ್ಮ ಪೀಳಿಗೆಗೆ.

ಈಗ ಈ ಮೈದಾನದಲ್ಲಿ ಬೆಳಕು ಎಷ್ಟು ವೇಗವಾಗಿ ಚಲಿಸುತ್ತದೆ? ದೂರಗಳನ್ನೆಲ್ಲ ಸಾವಿರ ಕೋಟಿ ಪಟ್ಟು ಕುಗ್ಗಿಸಿದ್ದೇವೆ, ಬೆಳಕಿನ ವೇಗವನ್ನೂ ಹಾಗೆಯೇ ಕುಗ್ಗಿಸಿದರೆ ಅದು ಸೆಕೆಂಡಿಗೆ ಬರೀ 3 ಸೆಂಟಿಮೀಟರ್. ಒಂದು ಇರುವೆಯ ನಡಿಗೆ! ತೆಂಗಿನಕಾಯಿಯಿಂದ ಹೊರಟ ಇರುವೆ ನಮ್ಮ ಸಾಸಿವೆಗೆ ಬರಲು 8 ನಿಮಿಷ 20 ಸೆಕೆಂಡು ನಡೆಯಬೇಕು. ಬೆಳಿಗ್ಗೆ ಸಮುದ್ರದ ಮೇಲೆ ಏಳುವ ಸೂರ್ಯನ ಕಾಗದದ ತಾರೀಕು ಎಂಟು ನಿಮಿಷ ಹಿಂದಿನದು. ಗುರುವನ್ನು ತಲುಪಲು ಇರುವೆಗೆ 43 ನಿಮಿಷ, ನೆಪ್ಚೂನಿಗೆ ನಾಲ್ಕು ಗಂಟೆ ಹತ್ತು ನಿಮಿಷ.

ಹಾಗಾದರೆ ಇನ್ನೊಂದು ತೆಂಗಿನಕಾಯಿ, ಅಂದರೆ ಪಕ್ಕದ ನಕ್ಷತ್ರ ಎಲ್ಲಿದೆ? ಮೈದಾನದಲ್ಲಿ ಇಲ್ಲ, ಊರಿನಲ್ಲಿಲ್ಲ, ಒಮಾನಿನಲ್ಲೇ ಇಲ್ಲ. ಅರಬ್ಬೀ ಸಮುದ್ರ ದಾಟಿ, ಇಡೀ ಭಾರತ ದಾಟಿ, ಬಂಗಾಳ ಕೊಲ್ಲಿಯನ್ನೂ ದಾಟಿ 4,000 ಕಿಲೋಮೀಟರ್ ಆಚೆ ಮ್ಯಾನ್ಮಾರ್ ದೇಶದ ಯಾಂಗೂನ್ ನಗರದಲ್ಲಿ ಇಡಬೇಕು. ಪ್ರಾಕ್ಸಿಮಾ ಸೆಂಟಾರಿ ಎಂಬ ಆ ನಕ್ಷತ್ರ ಸೂರ್ಯನಿಗಿಂತ ಬಹಳ ಚಿಕ್ಕದು, ತೆಂಗಿನಕಾಯಿಯ ಬದಲು ಒಂದು ಸಣ್ಣ ನಿಂಬೆಹಣ್ಣಿಗಿಂತಲೂ ಚಿಕ್ಕ ಕಾಯಿ ಸಾಕು. ಅಲ್ಲಿಂದ ಇಲ್ಲಿಗೆ ನಮ್ಮ ಇರುವೆ ಹಗಲು ರಾತ್ರಿ ನಡೆದರೂ 4.24 ವರ್ಷ. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವನ್ನು ಒಂದು ಜ್ಯೋತಿರ್ವರ್ಷ ಎನ್ನುತ್ತೇವೆ. ಅದು ಕಾಲದ ಅಳತೆಯಲ್ಲ, ದೂರದ ಅಳತೆ; ಸುಮಾರು 9.5 ಲಕ್ಷ ಕೋಟಿ ಕಿಲೋಮೀಟರ್.

ಉತ್ತರ ಬರುವವರೆಗೆ ಕಾಯುವವರು

ಬೆಳಕಿನ ಈ ವಿಳಂಬ ಬರೀ ಪುಸ್ತಕದ ಮಾತಲ್ಲ. ರೇಡಿಯೋ ಅಲೆಯೂ ಬೆಳಕಿನ ವೇಗದಲ್ಲೇ ಹೋಗುತ್ತದೆ. ಬೆಂಗಳೂರಿನ ಹೊರಗೆ ಬ್ಯಾಲಾಳು ಎಂಬ ಹಳ್ಳಿಯಲ್ಲಿ ಇಸ್ರೋದ 32 ಮೀಟರ್ ಅಗಲದ ದೊಡ್ಡ ಆಂಟೆನಾ ಇದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಿದಾಗ ಅಲ್ಲಿಂದ ಸುದ್ದಿ ಭೂಮಿಗೆ ಬರಲು ಸುಮಾರು ಹನ್ನೆರಡು ನಿಮಿಷ ಬೇಕಿತ್ತು. ಏನಾದರೂ ತಪ್ಪಿದರೆ ತಿಳಿಯುವುದಕ್ಕೇ ಹನ್ನೆರಡು ನಿಮಿಷ, ಸರಿಪಡಿಸುವ ಆಜ್ಞೆ ತಲುಪಲು ಮತ್ತೆ ಹನ್ನೆರಡು. ಆದ್ದರಿಂದ ಏನೇನು ಮಾಡಬೇಕು ಎಂಬುದನ್ನು ನೌಕೆಗೆ ಮೊದಲೇ ಕಲಿಸಿ ಇಡಲಾಗಿತ್ತು. ನಮ್ಮ ನೆರೆಯ ಯು.ಎ.ಇ. ಕಳಿಸಿದ ಅಲ್ ಅಮಲ್ ನೌಕೆ 2021ರ ಫೆಬ್ರವರಿ 9ರಂದು ಮಂಗಳನನ್ನು ತಲುಪಿದಾಗಲೂ ಇದೇ ಕಥೆ, ಆಗ ಹನ್ನೊಂದು ನಿಮಿಷದ ಕಾಯುವಿಕೆ. ಟಿವಿಯ ಮುಂದೆ ಕುಳಿತು ಆ ನಿಮಿಷಗಳನ್ನು ಎಣಿಸಿದವರಲ್ಲಿ ನಾನೂ ಒಬ್ಬ.

1977ರಲ್ಲಿ ಹೊರಟ ವಾಯೇಜರ್ 1 ಇಂದು ಎಲ್ಲ ಗ್ರಹಗಳನ್ನೂ ದಾಟಿ ಬಹಳ ಮುಂದೆ ಹೋಗಿದೆ. 2023ರ ನವೆಂಬರ್‌ನಲ್ಲಿ ಅದು ಅರ್ಥವಾಗದ ಸಂಕೇತಗಳನ್ನು ಕಳಿಸತೊಡಗಿತು. ಒಂದು ಪ್ರಶ್ನೆ ಕಳಿಸಿದರೆ ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರಕ್ಕೆ ಇನ್ನೂ ಇಪ್ಪತ್ತೆರಡೂವರೆ ಗಂಟೆ. ಹೀಗೆ ಪತ್ರ ವ್ಯವಹಾರ ನಡೆಸಿಯೇ, ಕೆಟ್ಟುಹೋಗಿದ್ದ ಒಂದು ಚಿಪ್ಪನ್ನು ಪತ್ತೆಹಚ್ಚಿ, 2024ರ ಏಪ್ರಿಲ್ ಹೊತ್ತಿಗೆ ಎಂಜಿನಿಯರುಗಳು ಅದನ್ನು ಮತ್ತೆ ಮಾತಾಡಿಸಿದರು.

ಕಾಗದದ ಮೇಲಿನ ತಾರೀಕು

ನಕ್ಷತ್ರದ ದೂರ ತಿಳಿದರೆ ಅದರ ಕಾಗದದ ತಾರೀಕು ತಿಳಿದಂತೆ. ಆದರೆ ಯಾರೂ ಹೋಗಿ ಟೇಪು ಹಿಡಿದು ಬಂದಿಲ್ಲವಲ್ಲ, ದೂರ ತಿಳಿದದ್ದು ಹೇಗೆ? ಕೈಯನ್ನು ಮುಂದೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಮತ್ತೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಎದುರು ಬೆರಳು ಆಚೀಚೆ ಜಿಗಿಯುತ್ತದೆ. ಬೆರಳು ಹತ್ತಿರವಿದ್ದಷ್ಟೂ ಜಿಗಿತ ಹೆಚ್ಚು. ಖಗೋಳ ವಿಜ್ಞಾನಿಗಳು ಜನವರಿಯಲ್ಲಿ ಒಮ್ಮೆ, ಭೂಮಿ ಕಕ್ಷೆಯ ಆಚೆ ಬದಿಗೆ ಹೋದ ಜುಲೈಯಲ್ಲಿ ಒಮ್ಮೆ ಒಂದೇ ನಕ್ಷತ್ರವನ್ನು ನೋಡುತ್ತಾರೆ. ಅವರ ಎರಡು ಕಣ್ಣುಗಳ ನಡುವೆ 30 ಕೋಟಿ ಕಿಲೋಮೀಟರ್ ಅಂತರ! ಅಷ್ಟಿದ್ದರೂ ಜಿಗಿತ ಎಷ್ಟು ಸೂಕ್ಷ್ಮವೆಂದರೆ, ಅದನ್ನು ಮೊದಲ ಬಾರಿಗೆ ನಂಬುವಂತೆ ಅಳೆದು ಜರ್ಮನಿಯ ಬೆಸೆಲ್ ಪ್ರಕಟಿಸಿದ್ದು 1838ರಲ್ಲಿ. ಐರೋಪ್ಯರ ಗಾಯಾ ಉಪಗ್ರಹ 2025ರಲ್ಲಿ ಕೆಲಸ ಮುಗಿಸುವ ಮುನ್ನ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಹೀಗೆ ಅಳೆದಿದೆ.

ಇದರಿಂದ ಮನೆಮಂದಿಯೆಲ್ಲ ಆಡಬಹುದಾದ ಒಂದು ಆಟ ಹುಟ್ಟುತ್ತದೆ. ನೀವು ಹುಟ್ಟಿದ ವರ್ಷ ಹೊರಟ ಬೆಳಕು ಈಗ ಯಾವ ನಕ್ಷತ್ರದಿಂದ ನಿಮ್ಮ ಕಣ್ಣು ಸೇರುತ್ತಿದೆ? ಎಂಟು ಒಂಬತ್ತು ವರ್ಷದವರಿಗೆ ಸುಲಭ. ರಾತ್ರಿಯ ಆಕಾಶದ ಅತ್ಯಂತ ಹೊಳಪಿನ ನಕ್ಷತ್ರ ಲುಬ್ಧಕ, ಇಂಗ್ಲಿಷಿನ ಸಿರಿಯಸ್, 8.6 ಜ್ಯೋತಿರ್ವರ್ಷ. ಆರನೆಯ ತರಗತಿಯವರಿಗೆ ಅದರ ಸಮೀಪದ ಪ್ರೊಸಿಯಾನ್, ಹನ್ನೊಂದೂವರೆ. ಬೋರ್ಡ್ ಪರೀಕ್ಷೆ ಮುಗಿಸಿದವರಿಗೆ ಶ್ರವಣ, ಸುಮಾರು 17. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರಿಗೆ 25ರ ಅಭಿಜಿತ್. ಅಪ್ಪ ಅಮ್ಮಂದಿರಿಗೆ ಪುನರ್ವಸುವಿನ ಪೊಲ್ಲಕ್ಸ್ 34, ಸ್ವಾತಿ 37, ಬ್ರಹ್ಮಹೃದಯ 43. ನನ್ನಂಥವರಿಗೆ ರೋಹಿಣಿ, ಸುಮಾರು 65. ಎಂಬತ್ತರ ಹತ್ತಿರದ ಮುತ್ತಜ್ಜಿ ಇದ್ದರೆ ಮಘಾ, 79.

ಅರಬ್ಬೀ ಕಲಿಯುವ ಮಕ್ಕಳಿಗೆ ಇನ್ನೊಂದು ಲಾಭವಿದೆ. ಜಗತ್ತು ಇಂದು ಬಳಸುವ ಎಷ್ಟೋ ನಕ್ಷತ್ರಗಳ ಹೆಸರು ಅರಬ್ಬೀಯವು. ರೋಹಿಣಿಯನ್ನು ಆಲ್ಡೆಬರಾನ್ ಎನ್ನುತ್ತಾರೆ. ಅಲ್ ದಬರಾನ್ ಎಂದರೆ ಹಿಂಬಾಲಿಸುವವನು. ಯಾರನ್ನು? ಸುರಯ್ಯಾಳನ್ನು, ಅಂದರೆ ನಮ್ಮ ಕೃತ್ತಿಕೆಯನ್ನು. ನಮ್ಮ ಪಂಚಾಂಗದಲ್ಲೂ ಕೃತ್ತಿಕೆಯ ಹಿಂದೆಯೇ ರೋಹಿಣಿ ಬರುವುದು. ಶ್ರವಣದ ಹೆಸರು ಆಲ್ಟೇರ್, ಅತ್ತಾಯಿರ್, ಹಾರುವ ಹದ್ದು. ಬೇಟೆಗಾರ ಒರೈಯನ್, ನಮ್ಮ ಮಹಾವ್ಯಾಧ. ಅವನ ಕಾಲಿನ ನಕ್ಷತ್ರ ರೈಜೆಲ್. ಅರಬ್ಬೀಯಲ್ಲಿ ರಿಜ್ಲ್ ಎಂದರೆ ಕಾಲು ಎಂದು ನಿಮಗೇ ಗೊತ್ತು.

ಹುಟ್ಟಿದ ವರ್ಷವನ್ನು ದಾಟಿ ಹಿಂದಕ್ಕೂ ಹೋಗಬಹುದು. ಧ್ರುವ ನಕ್ಷತ್ರ ಸುಮಾರು 440 ಜ್ಯೋತಿರ್ವರ್ಷ ದೂರ. ಇಂದು ಕಾಣುವ ಅದರ ಬೆಳಕು ತಾಳಿಕೋಟೆಯ ಯುದ್ಧ ನಡೆದ ಒಂದೆರಡು ದಶಕಗಳ ಬಳಿಕ ಹೊರಟದ್ದು. ರೈಜೆಲ್ ಸುಮಾರು 860. ಆ ಬೆಳಕು ಹೊರಟಾಗ ಹೆಚ್ಚುಕಡಿಮೆ ಕಲ್ಯಾಣದಲ್ಲಿ ಬಸವಣ್ಣನವರ ಕಾಲ. ನೀವು ಒಂದೇ ನೋಟದಲ್ಲಿ ಮಹಾವ್ಯಾಧನ ಕಾಲನ್ನೂ ಪಕ್ಕದ ಲುಬ್ಧಕನನ್ನೂ ನೋಡಿದರೆ, ಹನ್ನೆರಡನೆಯ ಶತಮಾನದ ಕಾಗದವನ್ನೂ ನೀವು ಪುಟ್ಟ ಮಗುವಾಗಿದ್ದಾಗಿನ ಕಾಗದವನ್ನೂ ಒಟ್ಟಿಗೆ ಒಡೆದು ಓದಿದಂತೆ.

ಸತ್ತಿವೆಯೇ, ಬದುಕಿವೆಯೇ?

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳಲ್ಲಿ ಹೆಚ್ಚಿನವು ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ಜ್ಯೋತಿರ್ವರ್ಷ ದೂರದವು. ಅಂದರೆ ಸುದ್ದಿ ಕೆಲವು ನೂರು ಅಥವಾ ಸಾವಿರ ವರ್ಷ ಹಳೆಯದು. ಆದರೆ ನಕ್ಷತ್ರದ ಆಯುಸ್ಸು ಎಷ್ಟು? ನಮ್ಮ ಸೂರ್ಯನಿಗೆ 460 ಕೋಟಿ ವರ್ಷ ತುಂಬಿದೆ, ಇನ್ನೂ ಸುಮಾರು 500 ಕೋಟಿ ವರ್ಷ ಉರಿಯಬಲ್ಲ. ಬಹಳ ದೊಡ್ಡ ನಕ್ಷತ್ರಗಳು ಬೇಗ ಬೇಗ ಉರಿದು ಮುಗಿಯುತ್ತವೆ, ಅವು ಕೂಡ ಲಕ್ಷಗಟ್ಟಲೆ, ಕೋಟಿಗಟ್ಟಲೆ ವರ್ಷ ಬಾಳುತ್ತವೆ. ಗಟ್ಟಿಮುಟ್ಟಾದ ಯುವಕನೊಬ್ಬ ಬರೆದ ಕಾಗದ ಒಂದು ನಿಮಿಷ ತಡವಾಗಿ ಬಂದರೆ, ಅಷ್ಟರಲ್ಲಿ ಅವನು ಸತ್ತಿರಬಹುದು ಎಂದು ನಾವು ಹೆದರುತ್ತೇವೆಯೇ? ಆದ್ದರಿಂದ ಕಣ್ಣಿಗೆ ಕಾಣುವ ನಕ್ಷತ್ರಗಳು ಹೆಚ್ಚುಕಡಿಮೆ ಎಲ್ಲವೂ ಈಗಲೂ ಅಲ್ಲಿಯೇ ಇವೆ. ಸತ್ತ ನಕ್ಷತ್ರಗಳ ಆಕಾಶ ಎಂಬುದು ಕೇಳಲು ಚೆಂದ, ಆದರೆ ನಿಜವಲ್ಲ.

ಅನುಮಾನ ಬರುವಂಥವು ಕೆಲವು ಇವೆ. ಮಹಾವ್ಯಾಧನ ಹೆಗಲಿನ ಕೆಂಪು ನಕ್ಷತ್ರ ಆರ್ದ್ರಾ, ಅಂದರೆ ಬೀಟಲ್‌ಜ್ಯೂಸ್, ಮುಪ್ಪಿನ ನಕ್ಷತ್ರ. 2019ರ ಕೊನೆಯಲ್ಲಿ ಅದು ಇದ್ದಕ್ಕಿದ್ದಂತೆ ಮಂಕಾಗತೊಡಗಿ 2020ರ ಫೆಬ್ರವರಿ ಹೊತ್ತಿಗೆ ಯಾರಿಗಾದರೂ ಗೊತ್ತಾಗುವಷ್ಟು ಕುಂದಿತ್ತು. ಇನ್ನೇನು ಸಿಡಿಯುತ್ತದೆ ಎಂದು ಎಲ್ಲರೂ ಕಾದರು. ಆಮೇಲೆ ತಿಳಿದದ್ದು, ಅದು ಉಗುಳಿದ ಧೂಳಿನ ಮೋಡವೇ ಅದರ ಮುಖವನ್ನು ಮರೆಮಾಡಿತ್ತು. ಸಿಡಿಯುವುದು ಖಂಡಿತ, ಆದರೆ ಅದಕ್ಕೆ ಇನ್ನೂ ಸಾವಿರಾರು ವರ್ಷ, ಬಹುಶಃ ಲಕ್ಷ ವರ್ಷವೇ ಇರಬಹುದು.

ನಿಜವಾಗಿಯೂ ಸತ್ತ ನಕ್ಷತ್ರದ ಕಾಗದ ಬಂದದ್ದು 1987ರ ಫೆಬ್ರವರಿಯಲ್ಲಿ. ಅದನ್ನು ಹೇಳುವ ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. 1988ರಲ್ಲಿ ಒಂದು ಬುಧವಾರ ನನಗೆ ಟೆಲಿಗ್ರಾಂ ಬಂತು. ತುರ್ತು ಸುದ್ದಿಯನ್ನು ನಾಲ್ಕೇ ಮಾತಿನಲ್ಲಿ ತಂತಿಯ ಮೂಲಕ ಕಳಿಸುವ ವ್ಯವಸ್ಥೆ ಅದು, ಭಾರತದಲ್ಲಿ 2013ರ ಜುಲೈಯಲ್ಲಿ ನಿಂತುಹೋಯಿತು. ಅಜ್ಜಿ ತೀರಿಕೊಂಡಿದ್ದರು. ಶನಿವಾರ ಆಫೀಸಿಗೆ ಹೋದರೆ ಮೇಜಿನ ಮೇಲೆ ಅಪ್ಪಯ್ಯನ ಕಾಗದ ಕಾಯುತ್ತಿತ್ತು. "ಅಜ್ಜಿ ಆರಾಮ ಇದ್ದಾರೆ. ಅಲ್ಲಿ ನಿನಗೆ ಕುಚ್ಚಲಕ್ಕಿ ಸಿಗುತ್ತದೋ ಇಲ್ಲವೋ ಎಂದು ದಿನಾ ಕೇಳುತ್ತಾರೆ." ತಾರೀಕು ನೋಡಿದೆ, ಹನ್ನೊಂದು ದಿನ ಹಿಂದಿನದು. ಆ ಕಾಗದದಲ್ಲಿ ಸುಳ್ಳು ಒಂದೂ ಇರಲಿಲ್ಲ.

ನಮ್ಮ ನೆರೆಯ ಪುಟ್ಟ ಗೆಲಾಕ್ಸಿಯೊಂದಕ್ಕೆ ದೊಡ್ಡ ಮೆಜಲ್ಲನ್ ಮೋಡ ಎಂದು ಹೆಸರು. ಅದು ದಕ್ಷಿಣದಲ್ಲಿ ಎಷ್ಟು ಕೆಳಗಿದೆಯೆಂದರೆ ಮಸ್ಕತ್ತಿನಿಂದ ಕಾಣುವುದೇ ಇಲ್ಲ. ದೂರ ಸುಮಾರು 1,68,000 ಜ್ಯೋತಿರ್ವರ್ಷ. ಅಲ್ಲಿದ್ದ ಒಂದು ನೀಲಿ ದೈತ್ಯ ನಕ್ಷತ್ರ ಸಿಡಿದದ್ದು ಭೂಮಿಯ ಮೇಲೆ ಮನುಷ್ಯ ಇನ್ನೂ ಕಲ್ಲಿನ ಆಯುಧ ಹಿಡಿದು ಅಲೆಯುತ್ತಿದ್ದಾಗ. ಆದರೂ 1987ರವರೆಗೆ ನಕ್ಷತ್ರಪಟ್ಟಿಗಳಲ್ಲಿ ಅದು ಬದುಕಿರುವ ನಕ್ಷತ್ರ. ಅದರ ಹಳೆಯ ಕಾಗದಗಳು ಬರುತ್ತಲೇ ಇದ್ದವಲ್ಲ! ಫೆಬ್ರವರಿ 23ರಂದು ಮೊದಲು ಬಂದದ್ದು ಟೆಲಿಗ್ರಾಂ. ನ್ಯೂಟ್ರಿನೋ ಎಂಬ ಕಣಗಳು ಯಾವುದಕ್ಕೂ ಅಂಟದೆ ಎಲ್ಲವನ್ನೂ ತೂರಿ ಹೋಗುತ್ತವೆ, ಆದ್ದರಿಂದ ಸಿಡಿಯುವ ನಕ್ಷತ್ರದ ಒಡಲಿನಿಂದ ಅವು ಕೂಡಲೇ ಹೊರಬೀಳುತ್ತವೆ. ಬೆಳಕು ಮಾತ್ರ ಸ್ಫೋಟ ಹೊರಮೈಗೆ ಬರುವವರೆಗೆ ಒಳಗೇ ಸಿಕ್ಕಿಬಿದ್ದಿರುತ್ತದೆ. ಜಪಾನಿನಲ್ಲಿ ನೆಲದಾಳದ ನೀರಿನ ತೊಟ್ಟಿಯೊಂದು, ಅಮೆರಿಕದ ಒಂದು ಮತ್ತು ಆಗಿನ ಸೋವಿಯತ್ ರಷ್ಯಾದ ಒಂದು ಉಪಕರಣ, ಮೂರೂ ಸೇರಿ ಹಿಡಿದದ್ದು ಕೇವಲ ಎರಡು ಡಜನಿನಷ್ಟು ನ್ಯೂಟ್ರಿನೋಗಳನ್ನು. ಕೆಲವು ಗಂಟೆಗಳ ಬಳಿಕ ಬೆಳಕು ಬಂತು. ಬರಿಗಣ್ಣಿಗೇ ಕಾಣುವಷ್ಟು ಹೊಳಪು.

ನೆಲದಾಳದಲ್ಲಿ ಕುಳಿತು ನ್ಯೂಟ್ರಿನೋ ಹುಡುಕುವ ವಿದ್ಯೆಯಲ್ಲಿ ನಮ್ಮ ಕರ್ನಾಟಕವೂ ಮೊದಲಿಗರ ಸಾಲಿನಲ್ಲಿದೆ. ನಮ್ಮ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳು 1965ರಲ್ಲಿ ಮೊದಲು ಸಿಕ್ಕ ಜಾಗಗಳಲ್ಲಿ ಒಂದು ಕೋಲಾರದ ಚಿನ್ನದ ಗಣಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ.

ಎಲ್ಲಕ್ಕಿಂತ ಹಳೆಯ ಕಾಗದ

ವಹೀಬಾದಲ್ಲಿ ಕಂಡ ಹಾಲಿನಂಥ ಪಟ್ಟಿ ನಮ್ಮದೇ ಗೆಲಾಕ್ಸಿ, ಆಕಾಶಗಂಗೆ. ಅದರ ಅಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ, ಅದರಲ್ಲಿ ಕಡಿಮೆಯೆಂದರೂ ಹತ್ತು ಸಾವಿರ ಕೋಟಿ ನಕ್ಷತ್ರ. ಅದರ ಆಚೆಗೂ ಬರಿಗಣ್ಣು ಹೋಗುತ್ತದೆ ಎಂದರೆ ನಂಬುತ್ತೀರಾ? ದೇವಯಾನಿ ರಾಶಿಯಲ್ಲಿ ಒಂದು ಮಸುಕು ಚುಕ್ಕೆ ಇದೆ. ಪರ್ಷಿಯಾದ ಅಲ್ ಸೂಫಿ ಸುಮಾರು 964ರಲ್ಲಿ ಅರಬ್ಬೀ ಭಾಷೆಯಲ್ಲಿ ಬರೆದ ನಕ್ಷತ್ರಗಳ ಪುಸ್ತಕದಲ್ಲಿ ಅದನ್ನು ಪುಟ್ಟ ಮೋಡ ಎಂದು ಗುರುತಿಸಿದ್ದಾನೆ. ಅದು ಮೋಡವಲ್ಲ, ಆಂಡ್ರೊಮಿಡಾ ಎಂಬ ಇನ್ನೊಂದು ಗೆಲಾಕ್ಸಿ ಎಂದು ಖಚಿತವಾಗಲು 1920ರ ದಶಕ ಬರಬೇಕಾಯಿತು. ಕೆಲವು ನಕ್ಷತ್ರಗಳು ತಾಳಬದ್ಧವಾಗಿ ಹೊಳಪು ಏರಿಳಿಸುತ್ತವೆ, ಆ ತಾಳ ನಿಧಾನವಾದಷ್ಟೂ ನಕ್ಷತ್ರದ ನಿಜವಾದ ಬೆಳಕು ಹೆಚ್ಚು ಎಂದು ಹೆನ್ರಿಯೆಟ್ಟಾ ಲೀವಿಟ್ ಎಂಬ ಮಹಿಳೆ 1912ರಲ್ಲಿ ತೋರಿಸಿದ್ದರು. 1923ರಲ್ಲಿ ಎಡ್ವಿನ್ ಹಬಲ್ ಅಂಥ ಒಂದು ನಕ್ಷತ್ರವನ್ನು ಆ ಮೋಡದೊಳಗೆ ಕಂಡು ದೂರ ಲೆಕ್ಕ ಹಾಕಿದರು. ಇಂದಿನ ಲೆಕ್ಕದಲ್ಲಿ ಅದು 25 ಲಕ್ಷ ಜ್ಯೋತಿರ್ವರ್ಷ. ಸಾಧಾರಣ ಕಣ್ಣಿಗೆ ಸಿಗುವ ಅತ್ಯಂತ ಹಳೆಯ ಕಾಗದ ಅದೇ.

ದೂರದ ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುತ್ತಿವೆ ಎಂದು 1929ರಲ್ಲಿ ಹಬಲ್ ಅವರೇ ತೋರಿಸಿಕೊಟ್ಟರು. ವಿಶ್ವವೇ ಹಿಗ್ಗುತ್ತಿದೆ. ಆದ್ದರಿಂದ ಬಹಳ ದೂರದ ಕಾಗದ ನಮ್ಮ ಕೈ ಸೇರುವಷ್ಟರಲ್ಲಿ ಬರೆದವರು ವಿಳಾಸ ಬದಲಾಯಿಸಿ ಇನ್ನೂ ದೂರ ಹೋಗಿರುತ್ತಾರೆ. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕವು, ವಿಶ್ವಕ್ಕೆ 30 ಕೋಟಿ ವರ್ಷವೂ ತುಂಬಿರದಿದ್ದಾಗ ಹೊರಟ ಬೆಳಕನ್ನು ಹಿಡಿದಿದೆ. ವಿಶ್ವದ ಈಗಿನ ವಯಸ್ಸು 1,380 ಕೋಟಿ ವರ್ಷ.

ಅದಕ್ಕಿಂತಲೂ ಹಳೆಯದೊಂದು ಇದೆ. ಹುಟ್ಟಿದ ಹೊಸತರಲ್ಲಿ ವಿಶ್ವ ಕುದಿಯುವ ಮಂಜಿನಂತಿತ್ತು, ಬೆಳಕು ನೇರವಾಗಿ ಚಲಿಸಲು ಆಗುತ್ತಿರಲಿಲ್ಲ. ಸುಮಾರು 3,80,000 ವರ್ಷದ ಬಳಿಕ ಮಂಜು ತಿಳಿಯಾಗಿ ಬೆಳಕು ಹೊರಟಿತು. ಇಂದು ಅದು ತಣಿದು ಸೂಕ್ಷ್ಮತರಂಗವಾಗಿ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. 1965ರಲ್ಲಿ ಇದನ್ನು ಪ್ರಕಟಿಸಿದ ಅಮೆರಿಕದ ಪೆನ್‌ಜಿಯಾಸ್ ಮತ್ತು ವಿಲ್ಸನ್ ಮೊದಮೊದಲು ತಮ್ಮ ಆಂಟೆನಾದಲ್ಲಿ ಪಾರಿವಾಳ ಹಾಕಿದ ಹಿಕ್ಕೆಯಿಂದ ಆ ಗುಂಯ್‌ಗುಡುವ ಸದ್ದು ಬರುತ್ತಿರಬಹುದೆಂದು ತಿಳಿದು ಅದನ್ನು ತೊಳೆದರಂತೆ! ಹಳೆಯ ಟಿವಿಗಳಲ್ಲಿ ಚಾನೆಲ್ ಇಲ್ಲದಾಗ ಬಿಳಿ ಚುಕ್ಕೆಗಳ ಗದ್ದಲ ಕಾಣುತ್ತಿದ್ದದ್ದು ನಿಮ್ಮ ತಂದೆತಾಯಿಗೆ ನೆನಪಿರಬೇಕು. ಅದರಲ್ಲೂ ಒಂದು ಸಣ್ಣ ಪಾಲು ಈ ಕಾಗದದ್ದೇ.

ಇನ್ನು ನೋಡುವ ಸಮಯ. ಜನವರಿ ನಡುವಿನಲ್ಲಿ ರಾತ್ರಿ ಒಂಬತ್ತಕ್ಕೆ ಮಸ್ಕತ್ತಿನಲ್ಲಿ ನೆತ್ತಿಯ ಹತ್ತಿರ ಕಾಣುವ ಕಿತ್ತಳೆ ಬಣ್ಣದ ನಕ್ಷತ್ರ ರೋಹಿಣಿ. ಅಲ್ಲಿಂದ ಆಗ್ನೇಯಕ್ಕೆ ಇಳಿದರೆ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರ, ಅದೇ ಗೆರೆಯಲ್ಲಿ ಮುಂದುವರಿದರೆ ಲುಬ್ಧಕ. ಉತ್ತರಕ್ಕೆ ಕೈ ಚಾಚಿ ದಿಗಂತದಿಂದ ಎರಡು ಮುಷ್ಟಿಗಿಂತ ತುಸು ಮೇಲೆ ನೋಡಿದರೆ ಧ್ರುವ. ರಜೆಯಲ್ಲಿ ಊರಿಗೆ ಹೋದಾಗ ಅದೇ ಧ್ರುವ ಒಂದು ಮುಷ್ಟಿಗಿಂತ ಸ್ವಲ್ಪವೇ ಮೇಲಿರುತ್ತದೆ, ಏಕೆಂದರೆ ಅದರ ಎತ್ತರ ನೀವು ನಿಂತ ಜಾಗದ ಅಕ್ಷಾಂಶದಷ್ಟೇ: ಮಸ್ಕತ್ತಿಗೆ 23 ಡಿಗ್ರಿಗೂ ಹೆಚ್ಚು, ಉಡುಪಿಗೆ 13.

ಏಪ್ರಿಲ್‌ನಲ್ಲಿ ರಾತ್ರಿ ಎಂಟೂವರೆಯ ಹೊತ್ತಿಗೆ ಸಪ್ತರ್ಷಿ ಮಂಡಲದ ಬಾಗಿದ ಬಾಲವನ್ನು ಹಾಗೆಯೇ ಮುಂದಕ್ಕೆ ಎಳೆಯಿರಿ. ಪೂರ್ವದಲ್ಲಿ ಕೇಸರಿ ಬಣ್ಣದ ಒಂದು ದೊಡ್ಡ ನಕ್ಷತ್ರ ಸಿಗುತ್ತದೆ, ಅದು ಸ್ವಾತಿ. ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಮುತ್ತು ಹಾಗೆ ಆಗುವುದಿಲ್ಲ ಎಂದು ಶಾಲೆಗೆ ಹೋಗುತ್ತಿದ್ದ ನಾನು ವಾದಿಸುತ್ತಿದ್ದೆ. ಸ್ವಾತಿಯ ದೂರ ಸುಮಾರು 37 ಜ್ಯೋತಿರ್ವರ್ಷ ಎಂದು ಮೇಲೆ ಹೇಳಿದೆನಲ್ಲ, 1988ರಲ್ಲಿ ಅಲ್ಲಿಂದ ಹೊರಟ ಬೆಳಕು ಇಲ್ಲಿ ತಲುಪಿದ್ದು 2025ರ ಸುಮಾರಿಗೆ. ಆ ಏಪ್ರಿಲ್‌ನಲ್ಲಿ ನಾನೂ ಮೊಮ್ಮಗಳೂ ಟೆರೇಸಿಗೆ ಹೋಗಿ ನೋಡಿ ಬಂದೆವು. ರೂವಿಯ ಅಷ್ಟು ದೀಪಗಳ ನಡುವೆಯೂ ಅದು ಚೆನ್ನಾಗಿ ಕಾಣುತ್ತದೆ.